ಉಣ್ಣೆಹಾಸಿನ ಹಿಂಬದಿ

ಸಾರಿ-ಕುಂಗೆಯ್, ನಾರಿನ್ ಪ್ರಾಂತ್ಯ
9 ಜನವರಿ 1985

ಫ್ರುಂಜೆಯ ಅಂಚೆ ಶಾಲೆಯ ಹದಿನಾಲ್ಕನೇ ನಂಬರಿನ ಪರೀಕ್ಷಕ ಅಗಾಯ್ ಅವರಿಗೆ,

ಸಲಾಂ. ನನ್ನ ನಾಲ್ಕನೇ ನೋಟ್‌ಬುಕ್ಕು ಮೊನ್ನೆ ಕೈಸೇರಿತು. ಇಪ್ಪತ್ತಕ್ಕೆ ಹನ್ನೆರಡು. ಮೊದಲ ಮೂರಕ್ಕೆ ಹದಿನೆಂಟು, ಹದಿನೆಂಟು, ಹದಿನೇಳು ಕೊಟ್ಟವರೂ ನೀವೇ. ಒಂದೇ ತಿಂಗಳಲ್ಲಿ ನಾನು ಅಷ್ಟೊಂದು ದಡ್ಡಿಯಾದೆನೆ?

ಪರೀಕ್ಷಕರಿಗೆ ಹೆಸರಿಲ್ಲ, ನಂಬರು ಮಾತ್ರ. ಅದಕ್ಕೇ ನಮ್ಮೂರಲ್ಲಿ ಮೇಷ್ಟರನ್ನು ಕರೆಯುವ ಹಾಗೆ ಅಗಾಯ್ ಎಂದಿದ್ದೇನೆ. ಅವರಿಗೆ ಪತ್ರ ಬರೆಯಬಾರದು, ಲೆಕ್ಕ ಮಾತ್ರ ಕಳಿಸಬೇಕು ಎಂದು ನಿಯಮದ ಹಾಳೆಯಲ್ಲಿದೆ. ಅದನ್ನು ಓದಿಯೇ ಬರೆಯುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ, ಏನು ಮಾಡಲಿ?

ಮೂರನೇ ಲೆಕ್ಕ. ವಿದ್ಯುತ್ ಆವೇಶ ತುಂಬಿದ ತೆಳ್ಳನೆಯ ದೊಡ್ಡ ಹಾಳೆ. ಅದನ್ನು ತೂರಿಕೊಂಡು ನಿಂತ ಒಂದು ಡಬ್ಬಿಯನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು, ಅದರ ಯಾವ ಮುಖದಿಂದ ಎಷ್ಟು ಫ್ಲಕ್ಸ್, ಅಂದರೆ ಆವೇಶದ ತಳ್ಳುವಿಕೆಯ ಹರಿವು, ಹೊರಬರುತ್ತದೆ ಎಂದು ಹೇಳಬೇಕು. ಡಬ್ಬಿಯ ಪಕ್ಕಗಳಿಗೆ ಸೊನ್ನೆ ಎಂದು ಬರೆದೆ, ಅದು ಸರಿಯೆಂದಿದ್ದೀರಿ. ಉಳಿದದ್ದನ್ನೆಲ್ಲ ಮುಂದಿನ ಮುಖಕ್ಕೆ ಕೊಟ್ಟು ಹಿಂದಿನ ಮುಖಕ್ಕೆ ಸೊನ್ನೆ ಹಾಕಿದೆ. ಅದಕ್ಕೆ ನೀವು ಕೆಂಪು ಶಾಯಿಯಲ್ಲಿ "ಉತ್ತರ ಇರಬೇಕಾದ್ದರ ಎರಡರಷ್ಟು. ಹಿಂಬದಿ ಎಲ್ಲಿ?" ಎಂದು ಬರೆದಿದ್ದೀರಿ. ಆ ಒಂದು ತಪ್ಪು ಮುಂದಿನ ಲೆಕ್ಕಗಳಿಗೂ ಹಬ್ಬಿ ಎಂಟು ಅಂಕ ಹೋಯಿತು.

ಅಗಾಯ್, ನಮ್ಮ ಮನೆಯಲ್ಲಿ ಹಾಳೆ ಎಂದರೆ ಗೋಡೆಗೆ ಹೊಡೆದ ಉಣ್ಣೆಹಾಸು. ನಮ್ಮವ್ವ ಸೋನುನ್ ಊರಿನ ಉಣ್ಣೆಹಾಸಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಉಣ್ಣೆ ತುಳಿದು, ಸುತ್ತಿ, ಹಾಸು ಮಾಡುತ್ತಾಳೆ. ಹಾಸಿನ ಮುಂಬದಿ ಬೇರೆ, ಹಿಂಬದಿ ಬೇರೆ. ಬಣ್ಣ, ಚಿತ್ತಾರ ಎಲ್ಲ ಮುಂಬದಿಗೆ. ಚಳಿಗಾಲದಲ್ಲಿ ಉಜ್ಜಿದರೆ ಚಟಚಟ ಎನ್ನುವುದೂ ಮುಂಬದಿಯೇ. ಹಿಂಬದಿ ಗೋಡೆಗೆ. ಆವೇಶ ಮುಂಬದಿಯಲ್ಲಿ ಕೂತಿರುವಾಗ ಹಿಂಬದಿಯಿಂದ ಏನು ಹೊರಬರುತ್ತದೆ, ಧೂಳು?

ಆರು ನೋಟ್‌ಬುಕ್ಕು ಸೇರಿ ನೂರು ಅಂಕ ಬಂದರೆ ಮಾತ್ರ ಸೆಪ್ಟೆಂಬರಿನಲ್ಲಿ ಫ್ರುಂಜೆಯ ವಸತಿ ಶಾಲೆಗೆ ಕರೆಯುತ್ತೀರಿ. ನನ್ನದು ಅರವತ್ತೈದಾಯಿತು. ಇನ್ನೆರಡರಲ್ಲಿ ಮೂವತ್ತೈದು ಬೇಕು. ನಮ್ಮೂರ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟರು ಬಿಟ್ಟುಹೋಗಿ ಎರಡು ವರ್ಷವಾಯಿತು. ಆ ಪಾಠವನ್ನು ಆಟದ ಮೇಷ್ಟರು ಶಾರ್ಶೆನ್ ಅಗಾಯ್ ಮಾಡುತ್ತಾರೆ. ಓಮನ ನಿಯಮ ಬಂದ ದಿನ ನಮ್ಮನ್ನು ಶಾಲೆಯ ಸುತ್ತ ಓಡಿಸಿದರು. ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ: "ಈ ಸಲ ಪಾಸಾದ್ರೆ ಹೋಗು. ಇಲ್ಲಾಂದ್ರೆ ಜೂನ್‌ನಿಂದ ನನ್ನ ಜೊತೆ ಉಣ್ಣೆ ತುಳಿಯೋಕೆ ಬಾ. ನಂಗೂ ಮಂಡಿ ಹೋಗಿದೆ ಕಣೇ."

ನನ್ನ ತಪ್ಪು ಎಲ್ಲಿದೆ ಎಂದು ತೋರಿಸಿ. ತೋರಿಸಲಾಗದಿದ್ದರೆ ಎಂಟು ಅಂಕ ವಾಪಸು ಕೊಡಿ.

ಪಟ್ಟು ಬಿಡದ
ಬುರುಲ್, ಒಂಬತ್ತನೇ ತರಗತಿ


ಫ್ರುಂಜೆ
28 ಜನವರಿ 1985

ವಿದ್ಯಾರ್ಥಿನಿ ಬುರುಲ್‌ಗೆ,

ಪತ್ರ ಬರೆಯಬಾರದೆಂಬ ನಿಯಮ ನಿನಗೊಬ್ಬಳಿಗೇ ಅಲ್ಲ, ನನಗೂ ಇದೆ. ಇದನ್ನು ಪತ್ರವೆಂದು ತಿಳಿಯಬೇಡ, ಮೂರನೇ ಲೆಕ್ಕದ ಟಿಪ್ಪಣಿಯೆಂದು ತಿಳಿ.

ಹಿಂಬದಿ ಏನು ಪಾಪ ಮಾಡಿದೆ? ಚಿತ್ತಾರ ಯಾವ ಕಡೆಗಿದೆ, ಗೋಡೆ ಯಾವ ಕಡೆಗಿದೆ ಎಂದು ಆವೇಶಕ್ಕೆ ಗೊತ್ತಿಲ್ಲ. ಉಣ್ಣೆಯಂಥ ತೆಳ್ಳನೆಯ ಹಾಳೆಯ ಮೇಲೆ ಕೂತ ಆವೇಶ ಮುಂದಕ್ಕೂ ಹಿಂದಕ್ಕೂ ಒಂದೇ ಸಮನೆ ತಳ್ಳುತ್ತದೆ. ಒಟ್ಟು ಫ್ಲಕ್ಸ್ ಎಷ್ಟೆಂದು ಗೌಸನ ನಿಯಮ ಹೇಳುತ್ತದೆ. ಅದರಲ್ಲಿ ಅರ್ಧ ಈ ಮುಖಕ್ಕೆ, ಅರ್ಧ ಆ ಮುಖಕ್ಕೆ. ನೀನು ಇಬ್ಬರ ಪಾಲನ್ನು ಒಬ್ಬರಿಗೇ ಬಡಿಸಿದ್ದೀಯ.

ನನ್ನ ಮಾತನ್ನು ನಂಬಬೇಡ. ಪರೀಕ್ಷಿಸಿ ನೋಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಬಾರದು.

ಅಂಕ ಬದಲಾಗುವುದಿಲ್ಲ.

ಪರೀಕ್ಷಕ ಸಂಖ್ಯೆ 14


ಸಾರಿ-ಕುಂಗೆಯ್
21 ಫೆಬ್ರವರಿ 1985

ಹದಿನಾಲ್ಕನೇ ನಂಬರಿನ ಅಗಾಯ್ ಅವರಿಗೆ,

ಇದೂ ಪತ್ರವಲ್ಲ, ಮೂರನೇ ಲೆಕ್ಕದ ಪ್ರಯೋಗದ ವರದಿ.

ಗೂಬೆಯ ಎಳೆಪುಕ್ಕವನ್ನು ರೇಷ್ಮೆ ನೂಲಿಗೆ ಕಟ್ಟಿದೆ. ಪುಕ್ಕ ಸಿಕ್ಕಿದ್ದು ತಂಗಿಯ ತೊಟ್ಟಿಲಿನಿಂದ. ದೃಷ್ಟಿಗೆಂದು ಕಟ್ಟಿದ ಪುಕ್ಕವನ್ನು ಬಿಚ್ಚಿದ್ದು ಅವ್ವನಿಗೆ ಗೊತ್ತಾಗಿ ಮೊದಲ ಬೈಗುಳ ಅಲ್ಲೇ ಬಿತ್ತು. ಆಮೇಲೆ ಗೋಡೆಯ ಮೇಲಿನ ಹಾಸನ್ನು ಅವ್ವ ಬೂಟಿನ ಮೇಲೆ ತೊಡುವ ರಬ್ಬರ್ ಗಲೋಶಿನಿಂದ ಇನ್ನೂರು ಸಲ ಉಜ್ಜಿ ಪುಕ್ಕವನ್ನು ಹತ್ತಿರ ಹಿಡಿದೆ. ಅದು ಓಡಿಬಂದು ಹಾಸನ್ನು ಮುಟ್ಟಿತು, ಮುಟ್ಟಿದ ಮರುಗಳಿಗೆ ಮುನಿಸಿಕೊಂಡವಳಂತೆ ದೂರ ಸರಿದು ಓರೆಯಾಗಿ ನಿಂತಿತು. ನೋಡಿ, ಮುಂಬದಿ ಹೇಗೆ ತಳ್ಳುತ್ತದೆ ಎಂದು ನಿಮಗೆ ಬರೆಯಲು ಪೆನ್ನು ತೆಗೆದೆ.

ಆಗ ಹೊಳೆಯಿತು. ಹಿಂಬದಿಗೆ ಪುಕ್ಕ ಹಿಡಿಯುವುದು ಹೇಗೆ? ಅಲ್ಲಿ ಗೋಡೆಯಿದೆ. ನಾನು ಹುಟ್ಟಿದಾಗಿನಿಂದ ಆ ಹಾಸಿನ ಹಿಂಬದಿಯನ್ನು ಒಂದು ಸಲವೂ ನೋಡಿರಲಿಲ್ಲ. ನೋಡದೇ ಇದ್ದದ್ದಕ್ಕೆ ಸೊನ್ನೆ ಬರೆದುಬಿಟ್ಟಿದ್ದೆ. ನನ್ನ ಕಿವಿ ಬಿಸಿಯಾಯಿತು, ಅಗಾಯ್.

ಮೊಳೆ ಕೀಳುವ ಸದ್ದಿಗೆ ಅವ್ವ ಒಳಗೆ ಬಂದಳು.

"ಹಾಸು ಯಾಕೆ ಇಳಿಸ್ತಿದ್ದೀಯೇ? ಮನೇಲಿ ಯಾರಾದ್ರೂ ಸತ್ರಾ?"

"ಹಿಂಬದಿ ನೋಡ್ಬೇಕು ಅವ್ವ."

"ಹಿಂಬದೀಲಿ ಏನಿರುತ್ತೆ? ಹಿಂಬದಿ ಇರುತ್ತೆ!"

"ಅದನ್ನೇ ನೋಡ್ಬೇಕು."

"ಆ ನಿನ್ನ ನಂಬರು ಮೇಷ್ಟ್ರಿಗೆ ಹೆಂಡ್ತಿ ಮಕ್ಕಳು ಇಲ್ವೇನೇ? ಊರೂರಿನ ಹೆಣ್ಣುಮಕ್ಕಳ ಕೈಲಿ ಮೊಳೆ ಕೀಳಿಸ್ತಾನಲ್ಲ!"

ಬೈಯುತ್ತಲೇ ಹಗ್ಗದ ಇನ್ನೊಂದು ತುದಿಯನ್ನು ಹಿಡಿದವಳು ಅವಳೇ. ಕೋಣೆಯ ನಟ್ಟನಡುವೆ, ಒಲೆಯ ಬಳಿ, ಬಟ್ಟೆ ಒಣಹಾಕಿದ ಹಾಗೆ ಹಾಸನ್ನು ತೂಗುಹಾಕಿದೆವು. ಮತ್ತೆ ಮುಂಬದಿಯನ್ನು ಮಾತ್ರ ಉಜ್ಜಿದೆ. ಹಿಂಬದಿಯನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಪುಕ್ಕವನ್ನು ಅಲ್ಲಿಗೂ ಒಯ್ದೆ. ಅಲ್ಲಿಯೂ ಅದು ಓರೆಯಾಗಿ ನಿಂತಿತು. ಕೋನ ಅಳೆದೆ: ಮುಂದೆ ಇಪ್ಪತ್ತೊಂದು ಡಿಗ್ರಿ, ಹಿಂದೆ ಇಪ್ಪತ್ತು. ಎಂಟು ಸಲ ಮಾಡಿದೆ, ಹೆಚ್ಚುಕಡಿಮೆ ಅಷ್ಟೇ.

ಅವ್ವ ಹಾಸಿನ ಹಿಂದೆ ನಿಂತು ಪುಕ್ಕವನ್ನೇ ನೋಡುತ್ತಿದ್ದಳು. "ಅಂದ್ರೆ ಮೂವತ್ತು ವರ್ಷದಿಂದ ನಾನು ಗೋಡೆಗೆ ತೋರಿಸ್ತಿದ್ದ ಮುಖಾನೂ ಮುಖಾನೇ ಅನ್ನು" ಎಂದಳು. ಆಮೇಲೆ ಚಹಾಕ್ಕೆ ನೀರಿಡಲು ಹೋದಳು.

ನೀವು ಹೇಳಿದ್ದೇ ಸರಿ. ನನಗೆ ಹನ್ನೆರಡೇ ಸರಿ. ಇದರ ಜೊತೆ ಅವ್ವ ಮಾಡಿದ ಕುರುತ್ ಕಳಿಸಿದ್ದೇನೆ, ಒಣಗಿಸಿದ ಮೊಸರಿನ ಮೂವತ್ತು ಉಂಡೆ. ಲಂಚವಲ್ಲ. ಅಂಕ ಬದಲಾಗುವುದಿಲ್ಲ ಎಂದು ನೀವೇ ಹೇಳಿಬಿಟ್ಟ ಮೇಲೆ ಲಂಚ ಹೇಗಾಗುತ್ತದೆ?

ಬುರುಲ್


ಫ್ರುಂಜೆ
11 ಮಾರ್ಚ್ 1985

ಬುರುಲ್,

ಉಡುಗೊರೆ ತೆಗೆದುಕೊಳ್ಳುವುದನ್ನು ನಿಯಮ ಒಪ್ಪುವುದಿಲ್ಲ. ಕುರುತ್ ವಾಪಸು ಕಳಿಸುತ್ತಿದ್ದೇನೆ. ಎಣಿಸಿದರೆ ಇಪ್ಪತ್ತಾರು ಸಿಗುತ್ತದೆ. ನಾಲ್ಕು ಎಲ್ಲಿ ಹೋಯಿತೆಂದು ನಿನ್ನ ತಾಯಿ ಕೇಳಿದರೆ ಅಂಚೆಯವರನ್ನು ಬೈಯುವುದು ಬೇಡ, ನಾನೇ ತಿಂದೆ. ಚೀಲ ಬಿಚ್ಚಿದಾಗ ಬಂದ ವಾಸನೆಗೆ ನಿಯಮ ನೆನಪಿಗೆ ಬರಲಿಲ್ಲ.

ನಿನ್ನ ಪ್ರಯೋಗವನ್ನು ಮೂರು ಸಲ ಓದಿದೆ. ಈ ಚಳಿಗಾಲದಲ್ಲಿ ನೂರನಲವತ್ತು ನೋಟ್‌ಬುಕ್ಕು ತಿದ್ದಿದ್ದೇನೆ. ಹಾಳೆಯನ್ನು ಗೋಡೆಯಿಂದ ಇಳಿಸಿದವಳು ನೀನೊಬ್ಬಳೇ.

ಇನ್ನೊಂದು ವಿಷಯ. ನಾನು ಅಗಾಯ್ ಅಲ್ಲ, ಹೆಂಗಸು. ಅಕ್ಕ ಎನ್ನುವ ಹಾಗೆ ಎಜೆ ಎಂದು ಕರೆಯಬಹುದು. ನನಗೆ ಹೆಂಡತಿ ಇಲ್ಲವೆಂದು ತಾಯಿಗೆ ಹೇಳು. ಗಂಡನೂ ಇಲ್ಲ. ಹಗಲು ಗ್ರಂಥಾಲಯದಲ್ಲಿ ಕಾರ್ಡು ಜೋಡಿಸುತ್ತೇನೆ. ಒಂದು ಕಾಲದಲ್ಲಿ ಭೌತಶಾಸ್ತ್ರದಲ್ಲಿ ಸಂಶೋಧನೆ ಶುರುಮಾಡಿದ್ದೆ. ಅಮ್ಮ ಹಾಸಿಗೆ ಹಿಡಿದಳು, ಊರಿಗೆ ಹೋದೆ. ಆರು ವರ್ಷದ ಮೇಲೆ ವಾಪಸು ಬಂದಾಗ ನನ್ನ ಮೇಜಿನ ಮುಂದೆ ಬೇರೆ ಯಾರೋ ಕೂತಿದ್ದರು. ಈಗ ಉಳಿದಿರುವುದು ಈ ಕೆಂಪು ಶಾಯಿಯೊಂದೇ. ಇದನ್ನೆಲ್ಲ ಯಾಕೆ ಬರೆದೆನೋ, ಮೂರನೇ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಐದನೇ ನೋಟ್‌ಬುಕ್ಕನ್ನು ಅವಸರ ಮಾಡದೆ ಬರೆ.

ಪರೀಕ್ಷಕಿ ಸಂಖ್ಯೆ 14


ಫ್ರುಂಜೆ
12 ಏಪ್ರಿಲ್ 1985
(ಐದನೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಕೆಂಪು ಶಾಯಿ)

ಒಂಬತ್ತನೇ ಲೆಕ್ಕ, ಆವೇಶ ತುಂಬಿದ ತಾಮ್ರದ ಹಲಗೆ: ಮತ್ತೆ ಹಿಂಬದಿಯನ್ನು ಮರೆತಿದ್ದೀಯ. ಹೊರಗಿನ ಮುಖಕ್ಕೆ ಅರ್ಧ ಮಾತ್ರ ಬರಬೇಕಿತ್ತು. ಈ ಲೆಕ್ಕಕ್ಕೆ ಆರು ಅಂಕ ಇಲ್ಲ. ಎರಡನೇ ಲೆಕ್ಕದಲ್ಲಿ ಕೂಡುವ ತಪ್ಪು, ಒಂದು ಅಂಕ ಇಲ್ಲ. ಒಟ್ಟು ಇಪ್ಪತ್ತಕ್ಕೆ ಹದಿಮೂರು.

ಹಾಸನ್ನು ಮತ್ತೆ ಗೋಡೆಗೆ ಹೊಡೆದೆಯಾ? ಬೇಸರವಾಯಿತು.

ಸಂಖ್ಯೆ 14


ಸಾರಿ-ಕುಂಗೆಯ್
2 ಮೇ 1985

ಎಜೆ,

ಹದಿಮೂರು ಬಂದರೆ ನನಗೆ ಎಪ್ಪತ್ತೆಂಟಾಗುತ್ತದೆ. ಆರನೇ ನೋಟ್‌ಬುಕ್ಕಿಗೆ ಇಪ್ಪತ್ತಕ್ಕಿಪ್ಪತ್ತು ಬಂದರೂ ತೊಂಬತ್ತೆಂಟು. ನಿಮ್ಮ ಆ ಎರಡು ಸಾಲಿನಲ್ಲಿ ನನ್ನ ಫ್ರುಂಜೆ ಮುಗಿಯಿತು. ಇದನ್ನು ಅಳುತ್ತಾ ಬರೆಯುತ್ತಿಲ್ಲ. ಅತ್ತಿದ್ದು ಮೊನ್ನೆಯೇ ಆಯಿತು.

ಹತ್ತು ದಿನ ನನ್ನ ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಈ ಸಲ ತಪ್ಪಿರುವುದು ನೀವು, ಎಜೆ.

ಲೆಕ್ಕವನ್ನು ಮತ್ತೆ ಓದಿ. ಅದು ಉಣ್ಣೆಯಲ್ಲ, ಒಂದು ಸೆಂಟಿಮೀಟರ್ ದಪ್ಪದ ತಾಮ್ರ. ಆವೇಶ ಅದರ ಎರಡೂ ಮೈಮೇಲೆ ಕೂತಿದೆ. ಡಬ್ಬಿಯ ಒಂದು ಮುಖ ಹೊರಗೆ, ಇನ್ನೊಂದು ಮುಖ ತಾಮ್ರದ ಒಳಗೆ. ಒಳಗೆ ಬಲ ಇದ್ದಿದ್ದರೆ ಅಲ್ಲಿನ ಆವೇಶಗಳು ಓಡಾಡುತ್ತಲೇ ಇರುತ್ತಿದ್ದವು. ಅವು ಓಡಿ ಓಡಿ ಸುಮ್ಮನಾಗಿವೆ ಎಂದರೆ ಒಳಗೆ ತಳ್ಳುವುದು ಏನೂ ಉಳಿದಿಲ್ಲವೆಂದೇ ಅರ್ಥ. ಹಾಗಾದರೆ ಒಳಗಿನ ಮುಖಕ್ಕೆ ಸೊನ್ನೆ. ಡಬ್ಬಿ ಹಿಡಿದಿಟ್ಟ ಆವೇಶದ ಫ್ಲಕ್ಸ್ ಪೂರ್ತಿ ಹೊರಗಿನ ಮುಖದಿಂದಲೇ ಬರಬೇಕು. ಅರ್ಧವಲ್ಲ, ಪೂರ್ತಿ.

ಒಂದು ಸಲ ತಪ್ಪಿದವಳ ಮಾತನ್ನು ಯಾರು ನಂಬುತ್ತಾರೆ? ನನಗೇ ನಂಬಿಕೆ ಸಾಲಲಿಲ್ಲ. ಅದಕ್ಕೇ ಅವ್ವನ ಕಜಾನನ್ನು ಕೆಳಗಿಳಿಸಿದೆ. ಬೀಡುಕಬ್ಬಿಣದ ಆ ಕಡಾಯಿಯನ್ನು ಮೂರು ಪಿಂಗಾಣಿ ಬಟ್ಟಲು ಬೋರಲು ಹಾಕಿ ಅದರ ಮೇಲೆ ಕೂರಿಸಿ, ಉಜ್ಜಿದ ಬಾಚಣಿಗೆಯಿಂದ ಮತ್ತೆ ಮತ್ತೆ ಆವೇಶ ಕೊಟ್ಟೆ. ಹೊರಗಡೆ ಪುಕ್ಕ ಓರೆಯಾಗಿ ನಿಂತಿತು. ಕಜಾನಿನ ಹೊಟ್ಟೆಯೊಳಗೆ ಇಳಿಬಿಟ್ಟರೆ ನೇರವಾಗಿ ತೂಗಿತು, ಅಲುಗಲೇ ಇಲ್ಲ. ಕಜಾನಿನ ಹೊಟ್ಟೆ ಟೊಳ್ಳು, ತಾಮ್ರದ ಒಳಗು ಗಟ್ಟಿ, ಎರಡೂ ಒಂದೇ ಅಲ್ಲ ಎಂದು ಗೊತ್ತು. ಆದರೂ ಲೋಹದ ಗುಣ ಯಾವ ಕಡೆಗೆ ಎಂದು ಅದು ತೋರಿಸುತ್ತದೆ.

ಅವ್ವ ಬೇಡವೆಂದಳು. "ದೊಡ್ಡೋರ ತಪ್ಪು ಹಿಡೀಬಾರ್ದು ಕಣೇ. ಹಿಡಿದ್ರೆ ನೀನು ಸರಿ ಆಗ್ಬಹುದು, ಪಾಸು ಆಗಲ್ಲ."

"ಪಾಸು ಹೇಗೂ ಆಗ್ತಿಲ್ವಲ್ಲ ಅವ್ವ. ಸರಿನಾದ್ರೂ ಆಗ್ತೀನಿ."

"ಥೇಟ್ ನಿಮ್ಮಜ್ಜಿ. ಅವಳೂ ಹಿಂಗೇ, ಕತ್ತೆ ಮೇಲೆ ಕೂತು ಕತ್ತೆಗೇ ದಾರಿ ಹೇಳ್ತಿದ್ದಳು" ಎಂದಳು.

ಎಜೆ, ಕನಿಕರಕ್ಕೆ ಅಂಕ ಕೊಡಬೇಡಿ. ನಾನು ತಪ್ಪಿದ್ದರೆ ಎಲ್ಲಿ ಎಂದು ತೋರಿಸಿ, ಬಾಯಿ ಮುಚ್ಚುತ್ತೇನೆ. ತಪ್ಪಿಲ್ಲದಿದ್ದರೆ ಆರು ಅಂಕ ನನ್ನದು.

ಆರನೇ ನೋಟ್‌ಬುಕ್ಕು ಇದರ ಜೊತೆಗಿದೆ. ಹದಿನೈದನೇ ತಾರೀಖಿನೊಳಗೆ ನಿಮಗೆ ಮುಟ್ಟಬೇಕು. ಹಿಮ ಕುಸಿದು ಕಣಿವೆಯ ದಾರಿ ಮುಚ್ಚಿದೆ, ಅಂಚೆ ಗಾಡಿ ಬರುತ್ತಿಲ್ಲ. ನಾಳೆ ಬೆಳಗ್ಗೆ ಅವ್ವನೂ ನಾನೂ ಕುದುರೆಯ ಮೇಲೆ ಗುಡ್ಡ ದಾಟಿ ಆಚೆ ಊರಿನ ಅಂಚೆಮನೆಗೆ ಹೋಗುತ್ತೇವೆ. ಪ್ರಯೋಜನವಿಲ್ಲದ ನೋಟ್‌ಬುಕ್ಕಿಗೆ ಯಾಕವ್ವ ಮಂಡಿ ನೋಯಿಸಿಕೊಳ್ಳುತ್ತೀ ಎಂದು ಕೇಳಿದೆ. "ಬಿತ್ತದೇ ಇರೋ ಬೀಜ ಮೊಳೆಯಲ್ಲ, ನಡಿ" ಎಂದಳು.

ಉತ್ತರಕ್ಕೆ ಕಾಯುವ
ಬುರುಲ್


ಸಾರಿ-ಕುಂಗೆಯ್
3 ಜೂನ್ 1985

ಎಜೆ,

ಪಟ್ಟಿ ಬಂತು. ಆರನೇ ನೋಟ್‌ಬುಕ್ಕಿಗೆ ಹದಿನೆಂಟು. ಒಟ್ಟು ತೊಂಬತ್ತಾರು. ನನ್ನ ಹೆಸರಿಲ್ಲ.

ನಿಮ್ಮ ಉತ್ತರವೂ ಬರಲಿಲ್ಲ. ಆರನೆಯದನ್ನು ತಿದ್ದಿದ್ದೀರಿ ಎಂದರೆ ಅದೇ ಲಕೋಟೆಯಲ್ಲಿದ್ದ ನನ್ನ ಪತ್ರವೂ ನಿಮಗೆ ಸಿಕ್ಕಿದೆ. ತಪ್ಪು ಎಂದಾದರೂ ಬರೆಯಬಹುದಿತ್ತು. ತಪ್ಪು ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದನೇ ತಾರೀಖಿನಿಂದ ಕಾರ್ಖಾನೆಗೆ ಹೋಗುತ್ತಿದ್ದೇನೆ. ಉಣ್ಣೆಗೆ ಬಿಸಿನೀರು ಸುರಿದು, ಚಾಪೆಯಲ್ಲಿ ಸುತ್ತಿ, ಆರು ಹೆಂಗಸರು ಸಾಲಾಗಿ ನಿಂತು ತುಳಿಯುತ್ತೇವೆ. ಕಾಲು ತುಳಿಯುತ್ತಿರುತ್ತದೆ, ತಲೆ ಲೆಕ್ಕ ಮಾಡುತ್ತಿರುತ್ತದೆ.

ಮುಂದಿನ ವರ್ಷಕ್ಕೆ ಮತ್ತೆ ಹೆಸರು ಕೊಡುತ್ತೇನೆ. ಒಂದನೇ ನೋಟ್‌ಬುಕ್ಕಿನ ಲೆಕ್ಕಗಳನ್ನು ಕಳಿಸಲು ಕಚೇರಿಗೆ ಹೇಳಿ. ಬೇರೆ ನಂಬರಿನವರು ತಿದ್ದಿದರೂ ಆದೀತು.

ಬುರುಲ್


ಫ್ರುಂಜೆ
17 ಜೂನ್ 1985

ಬುರುಲ್,

ನೀನು ಸರಿ. ಒಂಬತ್ತನೇ ಲೆಕ್ಕದಲ್ಲಿ ಹೊರಗಿನ ಮುಖಕ್ಕೆ ಪೂರ್ತಿಯೇ ಬರಬೇಕು. ಆರು ಅಂಕ ನಿನ್ನದು, ಒಟ್ಟು ನೂರಾ ಎರಡು.

ಇದು ನನಗೆ ಇವತ್ತು ಗೊತ್ತಾದದ್ದಲ್ಲ. ನಿನ್ನ ಪತ್ರ ಮೇ ಹತ್ತಕ್ಕೆ ಬಂತು. ಓದಿದ ಕಾಲು ಗಂಟೆಯಲ್ಲೇ ಗೊತ್ತಾಯಿತು. ತಾಮ್ರ ಎಂಬ ಮಾತು ಲೆಕ್ಕದಲ್ಲಿ ಮೊದಲ ಸಾಲಿನಲ್ಲೇ ಇತ್ತು. ಏಪ್ರಿಲಿನಲ್ಲಿ ನಿನ್ನ ನೋಟ್‌ಬುಕ್ಕು ಬಿಚ್ಚಿದಾಗ ಹೆಸರು ನೋಡಿದೆ, ಒಂದೇ ಮುಖಕ್ಕೆ ಪೂರ್ತಿ ಬರೆದದ್ದು ನೋಡಿದೆ, ಇವಳ ಹಳೇ ಚಾಳಿ ಎಂದುಕೊಂಡು ಗೀಟು ಎಳೆದುಬಿಟ್ಟೆ. ನಾನು ತಿದ್ದಿದ್ದು ನಿನ್ನ ಲೆಕ್ಕವನ್ನಲ್ಲ, ಜನವರಿಯ ಬುರುಲ್‌ಳನ್ನು.

ಗೊತ್ತಾದ ಮೇಲೂ ಬಾಯಿಬಿಡಲಿಲ್ಲ. ಮೂರು ವರ್ಷದ ಹಿಂದೆ ನನ್ನ ಮೇಲೊಂದು ದೂರು ಬಂದಿತ್ತು. ಇನ್ನೊಂದು ಬಂದರೆ ನಂಬರು ಹೋಗುತ್ತದೆಂದು ಆಗಲೇ ಹೇಳಿದ್ದರು. ನಂಬರು ಹೋದರೆ ಭೌತಶಾಸ್ತ್ರದ ಜೊತೆಗಿನ ನನ್ನ ಕೊನೆಯ ನಂಟೂ ಹೋಗುತ್ತದೆ. ಮುಂದಿನ ವರ್ಷ ಹೇಗೂ ಬರುತ್ತಾಳೆ, ಗಟ್ಟಿ ಹುಡುಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಟ್ಟಿಗೆ ಸಹಿ ಬೀಳುವುದನ್ನು ಕಣ್ಣಾರೆ ನೋಡುತ್ತಾ ಕೂತಿದ್ದೆ. ನನಗೆ ನಾಚಿಕೆಯಾಗುತ್ತಿದೆ ಬುರುಲ್.

ನಿನ್ನ ಜೂನ್ ಮೂರರ ಪತ್ರ ಬಂದ ದಿನ ಅದನ್ನೂ ಮೇ ತಿಂಗಳ ಪತ್ರವನ್ನೂ ಹಿಡಿದು ಅಂಚೆ ಶಾಲೆಯ ಮುಖ್ಯಸ್ಥರ ಬಳಿ ಹೋದೆ.

"ಪಟ್ಟಿಗೆ ಸಹಿ ಬಿದ್ದಾಗಿದೆಯಲ್ಲ. ಒಬ್ಬಳು ಹುಡುಗಿ, ಮುಂದಿನ ವರ್ಷ ಬರ್ತಾಳೆ ಬಿಡಿ" ಎಂದರು.

"ಸಹಿ ತಪ್ಪು ಲೆಕ್ಕದ ಮೇಲೆ ಬಿದ್ದಿದೆ. ತಪ್ಪು ನಂದು" ಎಂದೆ.

"ನಿಮ್ಮದು ಅಂತ ಬರೆದುಕೊಡ್ತೀರಾ?"

"ಬರೆದೇ ತಂದಿದ್ದೀನಿ."

ಆದರೂ ಸುಲಭಕ್ಕೆ ಬಗ್ಗಲಿಲ್ಲ. ಮೂರು ದಿನ ಅವರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತೆ. ಗುಡ್ಡ ಹತ್ತಿದ ನಿನ್ನ ತಾಯಿಯ ಮಂಡಿ ನೆನಪಿಸಿಕೊಂಡು ಕೂತೆ. ಕೊನೆಗೆ, ಪಟ್ಟಿಯಲ್ಲಿದ್ದ ಒಬ್ಬ ಹುಡುಗ ಬರುವುದಿಲ್ಲವೆಂದು ಬರೆದದ್ದರಿಂದ ಒಂದು ಜಾಗ ಖಾಲಿಯಿದೆ ಎಂದರು. ಅಂಕವನ್ನು ಮಾತ್ರ ತಿದ್ದಲಾರರಂತೆ. ಆಗಸ್ಟ್ ಇಪ್ಪತ್ತಕ್ಕೆ ಮೂವರು ಅಧ್ಯಾಪಕರ ಮುಂದೆ ನೀನು ಬಾಯಿಮಾತಿನ ಪರೀಕ್ಷೆ ಕೊಡಬೇಕು. ಉತ್ತರ ಸರಿಯಾದರೆ ಜಾಗ ನಿನ್ನದು. ಅಧಿಕೃತ ಕಾಗದ ಇದರ ಜೊತೆಗಿದೆ, ಮಡಿಸಿ ಹಾಳುಮಾಡಬೇಡ.

ಆ ಕೋಣೆಗೆ ನಾನು ಬರುವ ಹಾಗಿಲ್ಲ. ನಾನೀಗ ಹದಿನಾಲ್ಕನೇ ನಂಬರಲ್ಲ. ಆದ್ದರಿಂದ ಪತ್ರ ಬರೆಯಬಾರದೆಂಬ ನಿಯಮವೂ ನನಗಿಲ್ಲ, ಹೆಸರು ಹೇಳಬಾರದೆಂಬ ನಿಯಮವೂ ಇಲ್ಲ.

ಕಲಿಪಾ


ಫ್ರುಂಜೆ
24 ಆಗಸ್ಟ್ 1985

ಪ್ರೀತಿಯ ಕಲಿಪಾ ಎಜೆಗೆ,

ಗ್ರಂಥಾಲಯಕ್ಕೆ ಬಂದಿದ್ದೆ. ನೀವು ರಜೆ ಹಾಕಿ ಎಲ್ಲಿಗೋ ಹೋಗಿದ್ದೀರಿ ಎಂದರು. ಎಲ್ಲಿಗೆಂದು ಅವರಿಗೂ ಗೊತ್ತಿಲ್ಲ. ಅದಕ್ಕೇ ಪತ್ರ ಬರೆದು ಅಲ್ಲೇ ಕೊಟ್ಟು ಹೋಗುತ್ತಿದ್ದೇನೆ.

ಜೂನಿನ ನಿಮ್ಮ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಕೋಪ ಇತ್ತು. ಒಂದು ತಿಂಗಳು ನೀವು ಸುಮ್ಮನಿದ್ದಿರಿ, ನಾನು ಎರಡು ತಿಂಗಳು ಸುಮ್ಮನಿದ್ದೆ. ಲೆಕ್ಕ ಚುಕ್ತಾ ಆಯಿತೆಂದು ಅವ್ವ ಹೇಳುತ್ತಾಳೆ. ನನಗೆ ಹಾಗನಿಸುವುದಿಲ್ಲ. ಬೆಂಚಿನ ಮೇಲೆ ಮೂರು ದಿನ ಕೂರುವುದು ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಪರೀಕ್ಷೆಯ ವಿಷಯ ಹೇಳುತ್ತೇನೆ. ಮೂವರು ಕೂತಿದ್ದರು. ನಡುವಿನ ಬಿಳಿಗಡ್ಡದವರು ನನ್ನ ಕಾಗದ ನೋಡಿ, "ಓಹೋ, ದೂರಿನ ಹುಡುಗಿ" ಎಂದರು.

"ಆವೇಶ ತುಂಬಿದ ದೊಡ್ಡ ಹಾಳೆ. ಮೈಮೇಲೆ ಚದರ ಸೆಂಟಿಮೀಟರಿಗೆ ಇಷ್ಟು ಆವೇಶ. ಆ ಮೈಯನ್ನು ತೂರಿ ನಿಂತ ಒಂದು ಡಬ್ಬಿ. ಹೊರಗಿನ ಮುಖದಿಂದ ಎಷ್ಟು ಫ್ಲಕ್ಸ್ ಬರುತ್ತೆ? ಬರಿ" ಎಂದರು.

ಸೀಮೆಸುಣ್ಣ ಎತ್ತಿಕೊಂಡೆ. ಅರ್ಧ ಎಂದು ಬರೆಯಲು ಕೈ ಹೋಯಿತು. ಅರ್ಧ ಎಂದು ನೀವು ಕಲಿಸಿದ್ದಿರಿ. ಪೂರ್ತಿ ಎಂದು ನಾನು ನಿಮ್ಮ ಮೇಲೆ ಗೆದ್ದಿದ್ದೆ. ಎರಡೂ ನಾಲಿಗೆಯ ತುದಿಯಲ್ಲಿತ್ತು. ಸುಣ್ಣವನ್ನು ಕೆಳಗಿಟ್ಟು ಅವರ ಕಡೆಗೆ ತಿರುಗಿದೆ.

"ಹಾಳೆ ಯಾವುದರದ್ದು, ಅಗಾಯ್?"

"ಅಂದ್ರೆ?"

"ಉಣ್ಣೆಯದಾ, ತಾಮ್ರದ್ದಾ? ಅದು ಗೊತ್ತಾಗದೆ ಹೇಳೋಕಾಗಲ್ಲ. ತೆಳ್ಳನೆ ಉಣ್ಣೆಯಾದ್ರೆ ಅರ್ಧ ಈ ಕಡೆ, ಅರ್ಧ ಆ ಕಡೆ. ದಪ್ಪ ತಾಮ್ರವಾಗಿ ಡಬ್ಬಿಯ ಇನ್ನೊಂದು ತುದಿ ಅದರೊಳಗಿದ್ರೆ, ಒಳಗೆ ಸೊನ್ನೆ, ಪೂರ್ತಿ ಹೊರಗೆ."

ಬಲಗಡೆಯ ಹೆಂಗಸು ನಗು ತಡೆಯಲು ಕರವಸ್ತ್ರ ತೆಗೆದರು. ಬಿಳಿಗಡ್ಡದವರು ಕನ್ನಡಕ ಒರೆಸಿಕೊಂಡು, "ಬೆಳಗ್ಗಿಂದ ಬೇರೆ ತರಗತಿಗಳಿಗೆ ಬಂದ ಐದು ಜನಕ್ಕೂ ಇದೇ ಪ್ರಶ್ನೆ ಕೇಳಿದೆ. ಒಬ್ರೂ ನನ್ನ ವಾಪಸು ಕೇಳ್ಲಿಲ್ಲ. ಯಾರಮ್ಮ ನಿಂಗೆ ಕಲಿಸಿದ್ದು?" ಎಂದರು.

"ಹದಿನಾಲ್ಕನೇ ನಂಬರು. ಆಮೇಲೆ ನಮ್ಮವ್ವನ ಕಜಾನು. ನಂಬರಿನ ಹೆಸರು ಬೇಕಿದ್ರೆ ಅದನ್ನೂ ಹೇಳ್ತೀನಿ."

ಹೇಳಿದೆ. ಮೂವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ.

ನನಗೆ ಜಾಗ ಸಿಕ್ಕಿತು, ಎಜೆ. ಹಾಸ್ಟೆಲಿನ ಮಂಚವೂ ಸಿಕ್ಕಿತು, ಕಿಟಕಿಯ ಪಕ್ಕದ್ದು. ನಿಮ್ಮ ನಂಬರು ಹೋಗಿದ್ದಕ್ಕೆ ಮಾತ್ರ ನನ್ನ ಸಂತೋಷದಲ್ಲಿ ಒಂದು ಮುಳ್ಳು ಉಳಿದಿದೆ. ನೀವು ಎಲ್ಲಿದ್ದೀರಿ?

ನಿಮ್ಮ
ಬುರುಲ್


ಸಾರಿ-ಕುಂಗೆಯ್
22 ಸೆಪ್ಟೆಂಬರ್ 1985

ಪ್ರೀತಿಯ ಬುರುಲ್,

ನಾನು ಗ್ರಂಥಾಲಯಕ್ಕೆ ಹೊಸ ವಿಳಾಸ ಬರೆದ ಮೇಲೆ, ನಿನ್ನ ಪತ್ರ ಅಲ್ಲಿಂದ ನನ್ನನ್ನು ಹುಡುಕಿಕೊಂಡು ನಿನ್ನ ಊರಿಗೇ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ ನಿನ್ನ ತಾಯಿ, "ನಮ್ಮ ಹುಡುಗಿ ಊರು ಬಿಟ್ಟು ತಿಂಗಳಾಗಿಲ್ಲ, ತನ್ನ ಮನೆ ದಾರಿ ಕೇಳಿ ಬರೀತಿದಾಳಾ?" ಎಂದರು.

ಹೌದು, ನಾನಿಲ್ಲಿದ್ದೇನೆ. ಭೌತಶಾಸ್ತ್ರದ ಮೇಷ್ಟರಿಲ್ಲ, ಪಾಠದ ಹೊತ್ತಿಗೆ ಮಕ್ಕಳನ್ನು ಓಡಿಸುತ್ತಾರೆ ಎಂದು ನೀನೇ ಬರೆದಿದ್ದೆಯಲ್ಲ. ಆಗಸ್ಟಿನಲ್ಲಿ ನಾರಿನ್‌ಗೆ ಬಂದು ಶಿಕ್ಷಣ ಕಚೇರಿಯಲ್ಲಿ ಕೇಳಿದೆ. ಸಾರಿ-ಕುಂಗೆಯ್ ಬೇಕು ಎಂದವಳನ್ನು ಅವರು ಅಲ್ಲಿ ಮೊದಲ ಸಲ ನೋಡಿದ್ದಂತೆ. ಶಾರ್ಶೆನ್ ಅಗಾಯ್ ನನ್ನ ಎರಡೂ ಕೈ ಹಿಡಿದುಕೊಂಡು, "ಬದುಕಿಸಿದ್ರಿ ಎಜೆ. ಇನ್ನು ಓಡ್ಸೋದು ನಂದು, ಯೋಚನೆ ಮಾಡ್ಸೋದು ನಿಮ್ದು" ಎಂದರು.

ಉಳಿದುಕೊಂಡಿರುವುದು ನಿಮ್ಮ ಮನೆಯಲ್ಲೇ. ಬಂದ ದಿನ ನಿನ್ನ ತಾಯಿ ನನ್ನನ್ನು ಬಾಗಿಲಿನಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. "ನೀವೇನಾ ನನ್ನ ಮಗಳನ್ನ ಒಂದು ತಿಂಗಳು ಅಳಿಸಿದ್ದು?" ಎಂದು ಕೇಳಿದರು. ಹೌದು ಎಂದೆ. "ಸರಿ, ಒಪ್ಕೊಂಡ್ರಲ್ಲ. ಒಳಗೆ ಬನ್ನಿ, ಚಹಾ ಆರಿಹೋಗುತ್ತೆ" ಎಂದು ಕರೆದೊಯ್ದು ಅತಿಥಿಗಳ ಜಾಗದಲ್ಲಿ ಕೂರಿಸಿದರು. ಮುಂದೆ ಕುರುತ್ ತಂದಿಟ್ಟು ಎಣಿಸಿದರು, ಇಪ್ಪತ್ತಾರು. ವಾಪಸು ಬಂದದ್ದನ್ನು ಹಾಗೇ ಇಟ್ಟಿದ್ದರಂತೆ.

ಹಾಸು ಇನ್ನೂ ಗೋಡೆಗೆ ಹೋಗಿಲ್ಲ. ಕೋಣೆಯ ನಡುವೆಯೇ ತೂಗುತ್ತಿದೆ. ಮನೆಗೆ ಬಂದವರನ್ನೆಲ್ಲ ನಿನ್ನ ತಾಯಿ ಮೊದಲು ಮುಂದೆ ನಿಲ್ಲಿಸಿ, ಆಮೇಲೆ ಕೈಹಿಡಿದು ಹಿಂದಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಪುಕ್ಕ ಓರೆಯಾಗುವುದನ್ನು ತೋರಿಸಿ, "ನೋಡಿದ್ರಾ? ನನ್ನ ಮಗಳು ಕಂಡುಹಿಡಿದಿದ್ದು" ಎನ್ನುತ್ತಾರೆ. ಗೌಸನ ಹೆಸರು ಹೇಳಲು ನನಗೆ ಧೈರ್ಯ ಬಂದಿಲ್ಲ.

ನನ್ನ ನಂಬರಿನ ಬಗ್ಗೆ ಕೊರಗಬೇಡ. ಏಳನೇ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಅವರಿಗೆಲ್ಲ ನನ್ನ ಹೆಸರು ಗೊತ್ತು.

ನಿನ್ನ ಐದನೇ ನೋಟ್‌ಬುಕ್ಕು ಇಲ್ಲೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಇದರ ಜೊತೆ ಕಳಿಸುತ್ತಿದ್ದೇನೆ. ಒಂಬತ್ತನೇ ಲೆಕ್ಕದ ಮೇಲಿನ ಕೆಂಪು ಗೀಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಆರು ಅಂಕ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ. ಕೆಂಪು ಶಾಯಿ ಹಿಡಿಯುವ ಹಕ್ಕು ನನಗಿಲ್ಲವಾದ್ದರಿಂದ ನೀಲಿಯಲ್ಲಿ ಬರೆದಿದ್ದೇನೆ. ಆ ಅಂಕಗಳಿಗೆ ಈಗ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಆದರೂ ಅವು ನಿನ್ನವು, ನೀನೇ ಇಟ್ಟುಕೋ.

ನಿನ್ನ ಎಜೆ,
ಕಲಿಪಾ